ಮೊಲದ ಗೂಡಿನಲ್ಲಿ ಹುಟ್ಟಿದ ಪ್ರಶ್ನೆ

ಆಲಮೇಲದ ಒಂದು ಮನೆಯನ್ನು ಆಶೀರ್ವದಿಸಲು ಹೋಗಿದ್ದೆ. ಪ್ರಾರ್ಥನೆ ಮುಗಿದ ಕೂಡಲೆ ಆ ಮನೆಯ ಹುಡುಗ ನನ್ನ ಕೈಹಿಡಿದು ಹಿತ್ತಲಿಗೆ ಕರೆದೊಯ್ದ. ಬೇವಿನ ಮರದ ನೆರಳಿನಲ್ಲಿ ತಂತಿಬಲೆಯ ಗೂಡು. ಒಳಗೆ ಬೂದು ಬಣ್ಣದ ಮೊಲದ ಜೋಡಿ. ತಾಯಿಮೊಲ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಹಾಸಿದ್ದ ಪೆಟ್ಟಿಗೆಯಲ್ಲಿ ವಾರದ ಏಳು ಮರಿಗಳು. ಐದು ಬೂದು, ಎರಡು ಅಚ್ಚ ಬಿಳುಪು.

“ತಾಯಿನೂ ಬೂದು, ಗಂಡೂ ಬೂದು ಅದಾವ. ಈ ಎರಡು ಹ್ಯಾಂಗ ಬೆಳ್ಳಗ ಹುಟ್ಟಿದ್ವು ಫಾದರ್?” ಎಂದು ಹುಡುಗ ಕೇಳಿದ. ನಾನು ಉತ್ತರಿಸುವ ಮೊದಲೇ ಅಜ್ಜಿ ನಕ್ಕು, “ಬ್ಯಾರೆ ಗಂಡು ಬಂದು ಹೋಗಿರಬೇಕು ತಗೋ” ಎಂದರು. ಗೂಡಿಗೆ ಬೀಗವಿತ್ತು. ಆದರೂ ಮಾತು ತಾಯಿಯ ಮೇಲೆಯೇ ಬಿತ್ತು.

ನಮ್ಮ ಜೋಳದ ಹೊಲಗಳಲ್ಲಿ ಓಡಾಡುವ ಕಾಡುಮೊಲವೂ ಈ ಸಾಕುಮೊಲವೂ ಬೇರೆ ಬೇರೆ ಜಾತಿಯವು. ಕಾಡುಮೊಲದ ಮರಿ ಮೈತುಂಬ ಕೂದಲಿನೊಡನೆ ಕಣ್ತೆರೆದೇ ಹುಟ್ಟುತ್ತದೆ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಸುಮಾರು ಮೂವತ್ತೊಂದು ದಿನಗಳ ಗರ್ಭದ ಬಳಿಕ ಅದರ ಮರಿಗಳು ಬತ್ತಲೆಯಾಗಿ, ಕಣ್ಣುಮುಚ್ಚಿ ಹುಟ್ಟುತ್ತವೆ. ಬಣ್ಣ ಬರಲಿರುವ ಮರಿಗಳ ಚರ್ಮ ಮೊದಲ ದಿನಗಳಲ್ಲಿಯೇ ಕಪ್ಪಾಗತೊಡಗುತ್ತದೆ. ಬಿಳಿಯಾಗಲಿರುವುದು ಗುಲಾಬಿಯಾಗಿಯೇ ಉಳಿಯುತ್ತದೆ. ಕಣ್ಣು ತೆರೆಯುವುದು ಸುಮಾರು ಹತ್ತನೆಯ ದಿನ.

ಈ ಪ್ರಾಣಿಯ ಚರಿತ್ರೆಯಲ್ಲಿ ಧರ್ಮಸಭೆಯ ಹೆಸರೂ ಸೇರಿಕೊಂಡಿದೆ. ಕ್ರಿ.ಶ. 600ರ ಸುಮಾರಿಗೆ ಜಗದ್ಗುರು ಮಹಾ ಗ್ರೆಗೊರಿಯವರು ಎಳೆಯ ಮೊಲದ ಮರಿ ಮಾಂಸವಲ್ಲವೆಂದು ಸಾರಿದರು, ತಪಸ್ಸುಕಾಲದಲ್ಲಿ ತಿನ್ನಲೆಂದು ಸನ್ಯಾಸಿಗಳು ಮೊಲ ಸಾಕತೊಡಗಿದರು ಎಂಬ ಕಥೆ ಅನೇಕ ಪುಸ್ತಕಗಳಲ್ಲಿದೆ. 2018ರಲ್ಲಿ ವಿದ್ವಾಂಸರು ಮೂಲವನ್ನು ಹುಡುಕಿದಾಗ ಅಂಥ ಆಜ್ಞೆ ಎಲ್ಲಿಯೂ ಸಿಗಲಿಲ್ಲ. ಟೂರ್ ನಗರದ ಧರ್ಮಾಧ್ಯಕ್ಷ ಸಂತ ಗ್ರೆಗೊರಿಯವರು ತಪಸ್ಸುಕಾಲದಲ್ಲಿ ಒಬ್ಬ ಅಧಿಕಾರಿ ಮೊಲದ ಮರಿಗಳನ್ನು ತಿಂದದ್ದನ್ನು ಬರೆದಿದ್ದರು. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿದದ್ದರಿಂದ ಕಥೆ ಬೆಳೆದಿತ್ತು. ನಾನೂ ಇದನ್ನು ನಂಬಿ ಹೇಳಿದವನೇ, ಈಗ ತಿದ್ದಿಕೊಂಡಿದ್ದೇನೆ. ಬಿಳಿಯ ಮೊಲಗಳಂತೂ ಹಳೆಯವು: 1530ರ ಸುಮಾರಿಗೆ ಟಿಶಿಯನ್ ಬರೆದ, ಇಂದು ಪ್ಯಾರಿಸಿನ ಲೂವ್ರ್‌ನಲ್ಲಿರುವ ಚಿತ್ರದಲ್ಲಿ ಮಾತೆ ಮರಿಯಳ ಕೈಕೆಳಗೆ ಬಿಳಿಯ ಮೊಲವೊಂದಿದೆ.

ಹುಡುಗನ ಪ್ರಶ್ನೆ ದೊಡ್ಡ ದೊಡ್ಡವರನ್ನೂ ಕಾಡಿದೆ. ದೇಹದ ಎಲ್ಲ ಭಾಗಗಳಿಂದಲೂ ಸೂಕ್ಷ್ಮ ಕಣಗಳು ಹೊರಟು ಮುಂದಿನ ಪೀಳಿಗೆಗೆ ಸೇರುತ್ತವೆಂದು ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಊಹಿಸಿದ. ಆ ಕಣಗಳು ರಕ್ತದಲ್ಲಿದ್ದರೆ ರಕ್ತ ಬದಲಾದಾಗ ಮರಿಗಳೂ ಬದಲಾಗಬೇಕಲ್ಲವೇ? ಅವನ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್ ಬೆಳ್ಳಿಬೂದು ಮೊಲಗಳಿಗೆ ಬೇರೆ ಬಣ್ಣದ ಮೊಲಗಳ ರಕ್ತ ಕೊಟ್ಟು, ಹುಟ್ಟಿದ ಮರಿಗಳನ್ನು ಪರೀಕ್ಷಿಸಿದ. ಮರಿಗಳು ತಂದೆತಾಯಿಗಳ ತಳಿಯಂತೆಯೇ ಇದ್ದವು. 1871ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. “ರಕ್ತಗುಣ” ಎಂದು ನಾವು ಆಡುವ ಮಾತಿಗೆ ಮೊಲದ ಗೂಡು ಆಗಲೇ ಉತ್ತರ ಕೊಟ್ಟಿತ್ತು.

ನಿಜವಾದ ಉತ್ತರವೋ ಅದಕ್ಕೂ ಮೊದಲೇ ಅಚ್ಚಾಗಿತ್ತು. ಈಗಿನ ಚೆಕ್ ದೇಶದ ಬ್ರನೋ ನಗರದ ಸಂತ ತೋಮಸರ ಮಠವನ್ನು 1843ರಲ್ಲಿ ಸೇರಿದ ಅಗಸ್ತೀನ್ ಸಭೆಯ ಗ್ರೆಗರ್ ಮೆಂಡೆಲ್, 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದು ಲೆಕ್ಕವಿಟ್ಟರು. ಹಳದಿ ಮತ್ತು ಹಸಿರು ಬೀಜದ ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಹಳದಿ. ಅದರ ಮುಂದಿನ ಪೀಳಿಗೆಯಲ್ಲಿ 6,022 ಹಳದಿ, 2,001 ಹಸಿರು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಹಸಿರು ಅಳಿದಿರಲಿಲ್ಲ, ಮರೆಯಾಗಿತ್ತು. 1866ರಲ್ಲಿ ಅಚ್ಚಾದ ಈ ಲೇಖನವನ್ನು ಲೋಕ ಗಮನಿಸಲಿಲ್ಲ. ಮೆಂಡೆಲ್ 1868ರಲ್ಲಿ ಮಠಾಧಿಪತಿಯಾದರು, 1884ರಲ್ಲಿ ತೀರಿಕೊಂಡರು. 1900ರಲ್ಲಿ ವಿಜ್ಞಾನಿಗಳು ಅದನ್ನು ಮತ್ತೆ ಬೆಳಕಿಗೆ ತಂದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ವಿಲಿಯಂ ಕ್ಯಾಸಲ್ ಮೊಲಗಳ ಬಣ್ಣವೂ ಇದೇ ನಿಯಮಕ್ಕೆ ಒಳಪಟ್ಟಿದೆ ಎಂದು ತೋರಿಸಿದ.

ನಾನು ಮನೆಯ ಯಜಮಾನರನ್ನು ಕೇಳಿದೆ: “ಈ ಜೋಡಿಯ ತಾಯಂದಿರು ಯಾವ ಬಣ್ಣದವು?” ಅವರು ನೆನಪಿಸಿಕೊಂಡು, “ಎರಡರವೂ ಬಿಳೇವ ಇದ್ದವು” ಎಂದರು. ಅಷ್ಟು ಸಾಕಾಗಿತ್ತು. ಪ್ರತಿ ಮರಿಗೂ ಬಣ್ಣದ ಪಾಲು ತಂದೆಯಿಂದ ಒಂದು, ತಾಯಿಯಿಂದ ಒಂದು. ಬೂದಿನ ಪಾಲು ಜೊತೆಗಿದ್ದರೆ ಬಿಳಿಯದು ಕಾಣದು. ಈ ಗಂಡೂ ಹೆಣ್ಣೂ ತಮ್ಮ ತಾಯಂದಿರಿಂದ ಪಡೆದ ಬಿಳಿಯ ಪಾಲನ್ನು ಒಳಗೇ ಇಟ್ಟುಕೊಂಡಿದ್ದವು. ಇಬ್ಬರಿಂದಲೂ ಅದೇ ಪಾಲು ಬಂದ ಮರಿ ಮಾತ್ರ ಬಿಳಿ. ಸರಾಸರಿ ನಾಲ್ಕರಲ್ಲಿ ಒಂದು. ಏಳರಲ್ಲಿ ಎರಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಗಂಡುಮೊಲವೂ ತಾಯಿಮೊಲದಷ್ಟೇ ಅದಕ್ಕೆ ಕಾರಣ.

ಪ್ರಿಯ ಓದುಗರೇ, ಇದನ್ನು ಬರೆಯುತ್ತಿರುವುದು ಮೊಲಕ್ಕಾಗಿ ಮಾತ್ರವಲ್ಲ. ಮಗುವಿನ ಬಣ್ಣ ಮನೆಯವರಂತಿಲ್ಲವೆಂದು ಬಾಣಂತಿಯನ್ನು ಚುಚ್ಚಿದ ಮನೆಗಳನ್ನು ನಾನು ಕಂಡಿದ್ದೇನೆ. ತಮಾಷೆಯೆಂದು ಆರಂಭವಾದ ಮಾತು ವರ್ಷಗಟ್ಟಲೆ ಆಕೆಯ ಊಟದ ತಟ್ಟೆಯವರೆಗೂ ಹಿಂಬಾಲಿಸಿದ್ದನ್ನು ಬಲ್ಲೆ. ಮನುಷ್ಯರ ಮೈಬಣ್ಣಕ್ಕೆ ಕಾರಣವಾದ ವಂಶವಾಹಿಗಳು ಅನೇಕ. ಅಲ್ಲಿ ಮೂರಕ್ಕೆ ಒಂದೆಂಬ ಸರಳ ಲೆಕ್ಕ ನಡೆಯದು. ಆದರೆ ಅಜ್ಜ ಅಜ್ಜಿಯರ, ಮುತ್ತಜ್ಜಿಯರ ಪಾಲು ಮೊಮ್ಮಕ್ಕಳಲ್ಲಿ ಮತ್ತೆ ಕಾಣಿಸಿಕೊಳ್ಳುವುದು ಅಲ್ಲಿಯೂ ಸಹಜ. ಬಣ್ಣವನ್ನು ನೋಡಿ ಶೀಲವನ್ನು ಅಳೆಯುವುದು ಅಜ್ಞಾನ. ಅದು ಅನ್ಯಾಯವೂ ಹೌದು.

ಮುಂದೆ ಒಮ್ಮೆ ಹೋದಾಗ ಹುಡುಗ ಶಾಲೆಯ ನೋಟುಪುಸ್ತಕ ತೆರೆದು ತೋರಿಸಿದ. ಎರಡನೆಯ ಸೂಲಿನಲ್ಲಿ ಎಂಟು ಮರಿ, ಬಿಳಿಯದು ಒಂದೇ. ಅಜ್ಜಿ ಗೂಡಿನ ಬಳಿ ಕುಳಿತು ತಾಯಿಮೊಲಕ್ಕೆ ಕುದುರೆಮಸಾಲೆ ಸೊಪ್ಪು ತಿನ್ನಿಸುತ್ತಿದ್ದರು. ನನ್ನನ್ನು ಕಂಡು, “ಪಾಪ, ಅವತ್ತು ಸುಮ್ಮನ ಅಂದೆ ಫಾದರ್ ಇದಕ್ಕ” ಎಂದರು.