ಅಲಮಾರಿಯ ವಿಳಾಸ

ಬಿಟಿಎಂ ಲೇಔಟ್ ಎಂಬ ಮೂರು ಅಕ್ಷರಗಳಲ್ಲಿ ಮೂರು ಊರುಗಳು ಅಡಗಿವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಇಂದು ಅಲ್ಲಿ ಬಾಡಿಗೆಗಿರುವ ಎಷ್ಟೋ ಹುಡುಗರಿಗೆ ಇದು ಗೊತ್ತಿರಲಾರದು. ಪಕ್ಕದ ಜೆ.ಪಿ. ನಗರದಲ್ಲಿ ಜಯಪ್ರಕಾಶ ನಾರಾಯಣರು ಎರಡಕ್ಷರವಾಗಿ ಕುಳಿತಿದ್ದಾರೆ. 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರಕ್ಕೆ ಹೆಸರೇನೋ ಪೂರ್ತಿ ಸಿಕ್ಕಿತು, ಆದರೆ ಅದರ ಬೀದಿಗಳಿಗೆ ಸಿಕ್ಕಿದ್ದು ಬಹುಪಾಲು ಅಂಕಿಗಳೇ. ಬ್ಲಾಕು, ಮೇನು, ಕ್ರಾಸು. ಬ್ಲಾಕು ಹೇಳದೆ ಬರೀ 'ಒಂಬತ್ತನೇ ಮೇನು' ಎಂದು ಆಟೋ ಹತ್ತಿದವರ ಪಾಡು ಬಲ್ಲವರೇ ಬಲ್ಲರು. ಅದಕ್ಕೇ ನಮ್ಮ ಜನ ಅಂಕಿಯನ್ನು ನಂಬುವುದಿಲ್ಲ. ಮಸೀದಿಯ ಹಿಂದೆ, ಹಿಟ್ಟಿನ ಗಿರಣಿಯ ಎದುರು, ಹಳೇ ಹುಣಸೆಮರದ ಬಳಿ ಎಂದು ಹೇಳಿಯೇ ಮನೆ ತಲುಪಿಸುತ್ತಾರೆ.

ಯಂತ್ರಗಳ ಲೋಕದಲ್ಲೂ ಇದೇ ಜಗಳವಿದೆ. ಅದು ನನಗೆ ತಿಳಿದದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ಅಬ್ಬಾ ತೀರಿಕೊಂಡ ಮೇಲೆ ಅವರ ಕಬ್ಬಿಣದ ಅಲಮಾರಿಯಲ್ಲಿ ಉಳಿದಿದ್ದ ಉರ್ದು ಪತ್ರಗಳಿಗೆ ಗೆದ್ದಲು ಹತ್ತಲು ಶುರುವಾಗಿತ್ತು. ಮಗಳು ಒಂದೊಂದನ್ನೂ ಬಿಡಿಸಿ ಸ್ಕ್ಯಾನ್ ಮಾಡಿ, ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿನಲ್ಲಿ ಜೋಡಿಸಿದಳು. ಮನೆಯ ಯಾವ ಫೋನಿನಿಂದ ಬೇಕಾದರೂ 192.168.1.7 ಎಂದು ಒತ್ತಿದರೆ ಪತ್ರಗಳು ತೆರೆಯುತ್ತಿದ್ದವು. ಕಣ್ಣು ಮಂಜಾಗಿದ್ದ ಅಮ್ಮಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ತನಗೇ ಬರೆದ ಪತ್ರಗಳನ್ನು ಐವತ್ತು ವರ್ಷಗಳ ನಂತರ ಮತ್ತೆ ಓದಿದಳು. ಒಂದು ರಾತ್ರಿ ಕರೆಂಟು ಹೋಗಿ ಬಂತು. ಬೆಳಿಗ್ಗೆ 7ನೇ ನಂಬರಿನಲ್ಲಿ ಏನೂ ಇರಲಿಲ್ಲ. "ನಿನ್ನ ಅಬ್ಬಾನ ಖತ್‌ಗಳು ಹೋದವಾ?" ಎಂದು ಅಮ್ಮಿ ಕೇಳಿದಳು. ನಾನು ಕತೆ ಬರೆಯುವವನು, ರೌಟರಿನ ಸಂಗತಿ ನನಗೇನು ಗೊತ್ತು?

ಪತ್ರಗಳು ಎಲ್ಲಿಗೂ ಹೋಗಿರಲಿಲ್ಲ. ಮನೆಯ ರೌಟರು ಒಳಗಿನ ಯಂತ್ರಗಳಿಗೆ ನಂಬರು ಹಂಚುವುದು ಕೆಲಕಾಲದ ಮಟ್ಟಿಗೆ ಮಾತ್ರ. ಡಿಎಚ್‌ಸಿಪಿ ಎಂಬ ಈ ಏರ್ಪಾಡು ರೂಪುಗೊಂಡದ್ದು 1993ರಲ್ಲಿ. ಕರೆಂಟು ಬಂದಾಗ ಮೊದಲು ಎದ್ದ ಮಗಳ ಫೋನಿಗೆ 7 ಸಿಕ್ಕಿತ್ತು, ತಡವಾಗಿ ಎದ್ದ ಹಳೆಯ ಕಂಪ್ಯೂಟರಿಗೆ 4. ಇನ್ನು 192.168 ಎಂದು ಆರಂಭವಾಗುವ ಸಂಖ್ಯೆಗಳನ್ನು ಖಾಸಗಿ ಜಾಲಗಳಿಗೆಂದು ತೆಗೆದಿಟ್ಟ ನಿಯಮ 1996ರದು. ಆದ್ದರಿಂದಲೇ ನಮ್ಮ ಮನೆಯ 7, ಎದುರು ಮನೆಯ 7, ಬನಶಂಕರಿಯ ಯಾರದೋ ಮನೆಯ 7 ಬೇರೆ ಬೇರೆ. ಎಲ್ಲ ಬ್ಲಾಕಿನಲ್ಲೂ ಹತ್ತನೇ ಕ್ರಾಸು ಇರುವ ಹಾಗೆ.

ಇದಕ್ಕೆ ಹೆಸರಿಡುವುದೇ ಮದ್ದು ಎಂದಳು ಮಗಳು. ಆ ಮದ್ದಿನ ಚರಿತ್ರೆ ಅರ್ಧ ಶತಮಾನದ್ದು.

ಅಮೆರಿಕದ ಅರ್ಪಾನೆಟ್ಟಿನಲ್ಲಿ ಬೆರಳೆಣಿಕೆಯ ಕಂಪ್ಯೂಟರುಗಳಿದ್ದಾಗ ಪ್ರತಿ ಕೇಂದ್ರವೂ ಉಳಿದವಕ್ಕೆ ತನಗೆ ತೋಚಿದ ಅಡ್ಡಹೆಸರು ಇಟ್ಟುಕೊಂಡಿತ್ತು. ಒಂದೇ ಯಂತ್ರಕ್ಕೆ ಊರಿಗೊಂದು ಹೆಸರು. 1971ರ ಸೆಪ್ಟೆಂಬರಿನಲ್ಲಿ ಪೆಗ್ಗಿ ಕಾರ್ಪ್ ಎಂಬಾಕೆ, ಎಲ್ಲರೂ ಒಂದೇ ಪಟ್ಟಿ ಬಳಸೋಣ ಎಂದು ಸೂಚಿಸಿದಳು. ಮುಂದೆ ಆ ಪಟ್ಟಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯ ಕೈಗೆ ಬಂತು. ಅಲ್ಲಿನ ಮಾಹಿತಿ ಕೇಂದ್ರವನ್ನು 1989ರವರೆಗೆ ನಡೆಸಿದವಳು ಎಲಿಜಬೆತ್ ಫೈನ್ಲರ್. ಯಾರೇ ಹೊಸ ಕಂಪ್ಯೂಟರು ಜೋಡಿಸಲಿ, ಆಕೆಯ ಕಚೇರಿಗೆ ತಿಳಿಸಬೇಕು. ಅವರು 'ಹೋಸ್ಟ್ಸ್' ಎಂಬ ಕಡತದಲ್ಲಿ ಒಂದು ಸಾಲು ಬರೆಯುತ್ತಾರೆ. ಉಳಿದವರು ಆಗಾಗ ಆ ಕಡತದ ಪ್ರತಿ ಇಳಿಸಿಕೊಳ್ಳುತ್ತಾರೆ. ಜಾಲಕ್ಕೆಲ್ಲ ಒಬ್ಬನೇ ಶಾನುಭೋಗ, ಒಂದೇ ಖಾತೆ ಪುಸ್ತಕ!

ಯಂತ್ರಗಳು ಹೆಚ್ಚಾದ ಹಾಗೆ ಪುಸ್ತಕ ದಪ್ಪವಾಯಿತು. ಪ್ರತಿ ಇಳಿಸಿಕೊಳ್ಳುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು. 1983ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಮೊಕಪೆಟ್ರಿಸ್ ಬೇರೆ ದಾರಿ ತೋರಿಸಿದ. ಒಬ್ಬನೇ ಶಾನುಭೋಗ ಬೇಡ, ಅವರವರ ಹಳ್ಳಿಯ ಲೆಕ್ಕ ಅವರವರೇ ಇಟ್ಟುಕೊಳ್ಳಲಿ, ಯಾವ ಹಳ್ಳಿಯ ಲೆಕ್ಕ ಯಾರ ಬಳಿ ಇದೆಯೆಂಬುದಷ್ಟೇ ಮೇಲಿನವರಿಗೆ ಗೊತ್ತಿದ್ದರೆ ಸಾಕು. ಇದೇ ಡಿಎನ್‌ಎಸ್. ಮರುವರ್ಷ ಬರ್ಕ್ಲಿಯ ನಾಲ್ವರು ವಿದ್ಯಾರ್ಥಿಗಳು ಇದನ್ನು ನಡೆಸುವ ಬೈಂಡ್ ತಂತ್ರಾಂಶ ಬರೆದರು. 1986ರಲ್ಲಿ ಶುರುವಾದ ಎರ್ನೆಟ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಮುಂಬಯಿಯ ಎನ್‌ಸಿಎಸ್‌ಟಿಯನ್ನೂ ಐಐಟಿಗಳನ್ನೂ ಜಾಲಕ್ಕೆ ಸೇರಿಸಿತು. 1989ರಲ್ಲಿ ಭಾರತದ ಪಾಲಿಗೆ 'ಡಾಟ್ ಇನ್' ಬಂತು.

ಆದರೆ ಹಳೆಯ ಹೋಸ್ಟ್ಸ್ ಕಡತ ಸಾಯಲಿಲ್ಲ. ಈಗಲೂ ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಅದರ ಒಂದು ಮರಿ ಇದೆ. ಮನೆಯ ರೌಟರುಗಳಲ್ಲೂ ಇದೆ. ಅವುಗಳಲ್ಲಿ ಅನೇಕವು ಓಡಿಸುವುದು ಸೈಮನ್ ಕೆಲ್ಲಿ ಎಂಬಾತ ಬರೆದ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು. ಅದು ಮೊದಲು ಮನೆಯ ಪಟ್ಟಿ ನೋಡುತ್ತದೆ, ಅಲ್ಲಿಲ್ಲದಿದ್ದರೆ ಮಾತ್ರ ಹೊರಗೆ ಕೇಳುತ್ತದೆ.

ಮಗಳು ಮಾಡಿದ್ದು ಎರಡೇ ಕೆಲಸ. ಮೊದಲು ರೌಟರಿನ ಪುಟ ತೆರೆದು, ಹಳೆಯ ಕಂಪ್ಯೂಟರಿನ ಯಂತ್ರಸಂಖ್ಯೆಗೆ 7ನ್ನು ಕಾಯಂ ಮಾಡಿದಳು. ಹೀಗೆ ಕಟ್ಟಿಹಾಕದೆ ಹೆಸರಿಟ್ಟರೆ, ಬಾಡಿಗೆದಾರ ಮನೆ ಬದಲಿಸಿದ ಮೇಲೂ ಅವನ ಹೆಸರಿನ ಫಲಕ ಹಳೇ ಬಾಗಿಲಲ್ಲೇ ನೇತಾಡಿದ ಹಾಗೆ. ಆಮೇಲೆ ಹೋಸ್ಟ್ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದಳು. ಏನು ಹೆಸರು ಎಂದು ಕೇಳಿದಳು. "ಅಲಮಾರಿ" ಎಂದಳು ಅಮ್ಮಿ.

ಹೆಸರಿನ ಬಾಲಕ್ಕೆ ಮನಸ್ಸಿಗೆ ಬಂದದ್ದನ್ನು ಅಂಟಿಸುವಂತಿಲ್ಲ ಎಂಬುದೂ ಅಂದೇ ತಿಳಿಯಿತು. ಎಷ್ಟೋ ಎಂಜಿನಿಯರುಗಳು ತಮ್ಮ ಒಳಗಿನ ಯಂತ್ರಗಳಿಗೆ 'ಡಾಟ್ ಡೆವ್' ಎಂಬ ಬಾಲ ಹಚ್ಚಿಕೊಂಡಿದ್ದರು. ಆ ಬಾಲ ಗೂಗಲ್ಲಿನ ಪಾಲಾಯಿತು. 2017ರಲ್ಲಿ ಕ್ರೋಮ್ ಆ ಹೆಸರುಗಳಿಗೆಲ್ಲ ಬೀಗಮುದ್ರೆಯ ಸುರಕ್ಷಿತ ಸಂಪರ್ಕ ಕಡ್ಡಾಯ ಮಾಡಿದಾಗ ಅವರ ಯಂತ್ರಗಳು ತೆರೆಯದಾದವು. ಮನೆಗಳಿಗೆಂದೇ 'ಹೋಮ್ ಡಾಟ್ ಅರ್ಪಾ' ಎಂಬ ಬಾಲವನ್ನು 2018ರಲ್ಲಿ ಮೀಸಲಿಟ್ಟರು. 2024ರಲ್ಲಿ 'ಇಂಟರ್ನಲ್' ಎಂಬುದನ್ನೂ ಖಾಸಗಿ ಬಳಕೆಗೆ ಬಿಟ್ಟರು. ನಮ್ಮದು ಹೋಮ್ ಡಾಟ್ ಅರ್ಪಾ. ಅಮ್ಮಿ ಈಗಲೂ ಅದನ್ನು ಯಾರೋ ಅರಬರ ಹೆಸರೆಂದೇ ನಂಬಿದ್ದಾಳೆ.

ನನ್ನ ಫೋನಿನಲ್ಲಿ ಮಾತ್ರ ಅಲಮಾರಿ ತೆರೆಯಲಿಲ್ಲ. ಯಾರದೋ ಸಲಹೆ ಕೇಳಿ ಅದರಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂಬಲ್ಲಿ ಹೊರಗಿನ ಸರ್ವರಿನ ಹೆಸರು ತುಂಬಿದ್ದೆ. ಹಾಗಾಗಿ ಅದು ಪ್ರತಿ ಹೆಸರನ್ನೂ ರೌಟರನ್ನು ದಾಟಿ, ಗುಟ್ಟಾಗಿ ದೂರದವರನ್ನೇ ಕೇಳುತ್ತಿತ್ತು. ಹಜಾರದಲ್ಲಿದ್ದ ಯಂತ್ರದ ವಿಚಾರ ಆ ದೂರದವರಿಗೆ ಹೇಗೆ ಗೊತ್ತಿರಬೇಕು? ಬರೆದದ್ದನ್ನು ಅಳಿಸಿದ ಮೇಲೆ ಸರಿಹೋಯಿತು.

ಒಂದು ನೋವು ಉಳಿದೇ ಇದೆ. ಉರ್ದು ಪತ್ರಗಳಿರುವ ಪೆಟ್ಟಿಗೆಗೆ ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ಹೆಸರು ಬರೆಯಲು ಹೋದರೆ ರೌಟರು ಒಪ್ಪಲಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಇಷ್ಟಕ್ಕೇ ಜಾಗ. ಫೈನ್ಲರ್ ಕಚೇರಿಯವರು 1985ರಲ್ಲಿ ಬರೆದಿಟ್ಟ ನಿಯಮದ ನೆರಳು ಇದು. ಪರಲಿಪಿಯ ಹೆಸರುಗಳನ್ನು ಒಳಗೆ ಬಿಡುವ ಉಪಾಯ 2003ರಲ್ಲಿ ಬಂತು ನಿಜ. ಅದರ ಫಲವಾಗಿ 'ಡಾಟ್ ಭಾರತ' ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಆದರೆ ನಾವು ಕನ್ನಡದಲ್ಲಿ 'ಭಾರತ' ಎಂದು ಬರೆದದ್ದು ತಂತಿಯೊಳಗೆ ಹರಿಯುವಾಗ 'ಎಕ್ಸ್‌ಎನ್, ಎರಡು ಅಡ್ಡಗೆರೆ, 2ಎಸ್‌ಸಿಆರ್‌ಜೆ9ಸಿ' ಆಗಿರುತ್ತದೆ. ಬುರುಖಾ ಹಾಕದೆ ಹೊರಗೆ ಹೋಗುವಂತಿಲ್ಲ ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಸಾಹುಕಾರನ ಜೀತದಾಳಿಗೆ ಸಾಹುಕಾರನೇ ಬೇರೆ ಹೆಸರಿಡುತ್ತಿದ್ದ ಕಾಲ ನೆನಪಾಯಿತು.

ಮರುವಾರ ಗುರಪ್ಪನಪಾಳ್ಯದಿಂದ ತಂಗಿ ಫೋನು ಮಾಡಿದಳು. ಅಮ್ಮಿ ಹೇಳಿಕೊಟ್ಟ ಹಾಗೇ ಒತ್ತಿದ್ದಾಳಂತೆ, ಅಲಮಾರಿ ತೆರೆಯುತ್ತಿಲ್ಲವಂತೆ. ಅವಳ ಮನೆಯ ರೌಟರು ಆ ಹೆಸರನ್ನು ಕೇಳಿಯೇ ಇಲ್ಲ ಎಂದು ವಿವರಿಸಿದೆ. ನಮ್ಮ ಗೋಡೆ ದಾಟಿದರೆ ಅದು ಬರೀ ಶಬ್ದ ಎಂದೆ. "ಹಾಗಾದರೆ ನಾನು ಮನೆಗೇ ಬರಬೇಕಾ ಭಾಯ್?" ಎಂದಳು. ಬಾ ಎಂದೆ. ಆ ಭಾನುವಾರ ಬಂದು ಸಂಜೆಯವರೆಗೂ ಅಮ್ಮಿಯ ಪಕ್ಕ ಕುಳಿತು ಓದಿದಳು.