ಕೀಲೆಣ್ಣೆಯಿಂದ 0ಡಬ್ಲ್ಯೂ-20ರ ತನಕ...

ನಮ್ಮ ಕಮ್ಮಿಂಗ್‌ನಿಂದ ಹೈವೇ 400 ಹಿಡಿದು ಉತ್ತರಕ್ಕೆ ಹೋದ್ರೆ ಅರ್ಧ ಗಂಟೆಯಲ್ಲಿ ಡಾಸನ್‌ವಿಲ್ ಸಿಗುತ್ತೆ. 2012ರಲ್ಲಿ ಶುರುವಾದ ಅಟ್ಲಾಂಟಾ ಮೋಟಾರ್‌ಸ್ಪೋರ್ಟ್ಸ್ ಪಾರ್ಕ್ ಇರೋದು ಅಲ್ಲೇ. 1.83 ಮೈಲಿ ರಸ್ತೆ, 16 ತಿರುವು, ಗುಡ್ಡ ಹತ್ತಿ ಇಳಿದ ಹಾಗೆ. ಕಳೆದ ಜುಲೈನಲ್ಲಿ ಒಂದು ಟ್ರ್ಯಾಕ್ ಡೇಗೆ ಹೋಗಿದ್ದೆ. ರೇಸ್ ಅಂದ್ಕೋಬೇಡಿ ಮತ್ತೆ! ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ದಿನಾ ಆಫೀಸಿಗೆ ಓಡಿಸೋ ಕಾರನ್ನೇ ಇಪ್ಪತ್ತಿಪ್ಪತ್ತು ನಿಮಿಷ ಎಗ್ಗಿಲ್ಲದೆ ಓಡಿಸೋದು, ಅಷ್ಟೇ.

ಮೂರನೇ ಸುತ್ತಿನ ಹೊತ್ತಿಗೆ ಬಿಸಿಲು ಏರಿತ್ತು. ನೀರಿನ ಮುಳ್ಳು ಮಧ್ಯದಲ್ಲೇ ಸಭ್ಯವಾಗಿ ನಿಂತಿತ್ತು, ಆದ್ರೆ ನಾನೇ ಹಾಕಿಸಿದ್ದ ಆಯಿಲ್ ಮೀಟರು 280 ಫ್ಯಾರನ್‌ಹೀಟ್ ತೋರಿಸ್ತಿದೆ, ಅಂದ್ರೆ 138 ಸೆಲ್ಸಿಯಸ್! ಬೆಳಿಗ್ಗೆ ಇದ್ದ ಆಯಿಲ್ ಪ್ರೆಷರ್‌ನಲ್ಲಿ ಮೂರನೇ ಒಂದು ಭಾಗ ಮಾಯ. ಎದೆ ಧಸಕ್ ಅಂತು. ಹೊಸ ಎಂಜಿನ್ ಹಾಕಿಸೋದು ಅಂದ್ರೆ ಮಗಳ ಕಾಲೇಜಿನ ಒಂದು ವರ್ಷದ ಫೀಸು. ಕಾಲು ತೆಗೆದು, ನಿಧಾನಕ್ಕೆ ಒಂದು ಸುತ್ತು ಬಂದು ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿ ನಿಂತಿದ್ದಾಗ ಆ ಕಡೆ ಗೋ-ಕಾರ್ಟ್‌ಗಳು ಓಡ್ತಿದ್ದ ಜಾಗದಿಂದ ಒಂದು ವಾಸನೆ ಬಂತು ನೋಡಿ... ಹರಳೆಣ್ಣೆ ಸುಟ್ಟ ವಾಸನೆ! ಟೂ-ಸ್ಟ್ರೋಕ್ ಕಾರ್ಟ್‌ಗಳಿಗೆ ಈಗಲೂ ಹರಳೆಣ್ಣೆ ಬೆರೆಸಿದ ಆಯಿಲ್ ಹಾಕೋರಿದ್ದಾರೆ.

ತುಮಕೂರು ಕಡೆಯ ನಮ್ಮೂರಲ್ಲಿ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಜೊತೆ ಹರಳೂ ಇರ್ತಿತ್ತು. ಎಣ್ಣೆ ತಲೆಗೂ ಆಯ್ತು, ಹೊಟ್ಟೆಗೂ ಆಯ್ತು, ಗಾಡಿಗೂ ಆಯ್ತು. ಸುಟ್ಟ ಹುಲ್ಲಿನ ಮಸಿಗೆ ಹರಳೆಣ್ಣೆ ಕಲಸಿದ್ರೆ ಕೀಲೆಣ್ಣೆ. ಅದನ್ನ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿ ಕೆಳಗೆ ನೇತು ಹಾಕಿರ್ತಿದ್ರು. ಚಕ್ರ ಕಿರುಗುಟ್ಟಿದ್ರೆ ತಾತ ಇಳಿದು, ಕಡಾಣಿ ಕಿತ್ತು, ಅಚ್ಚಿಗೆ ಬಳೀತಿದ್ರು. ಮಸಿ ಯಾಕೆ ಅಂತ ಕೇಳಿದ್ದೆ. "ಬರೀ ಎಣ್ಣೆ ಕಾದ್ರೆ ಇಳ್ದೋಗ್ತದೆ ಕಣೋ" ಅಂದಿದ್ರು. ಆ ಮಾತು ನೆನಪಾಗಿದ್ದು ಡಾಸನ್‌ವಿಲ್ಲಲ್ಲಿ, ಎಂಜಿನ್ ಕಾದ ಮೇಲೆ!

ಮನೆಗೆ ಬಂದು ಇದರ ಚರಿತ್ರೆ ಕೆದಕಿದೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಎಣ್ಣೆ ಕಂಪನಿ ಶುರು ಮಾಡಿದ. 1909ರಲ್ಲಿ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮಾರಿದ್ದಕ್ಕೆ ಇಟ್ಟ ಹೆಸರು ಕ್ಯಾಸ್ಟ್ರಾಲ್. ಕ್ಯಾಸ್ಟರ್ ಅಂದ್ರೆ ನಮ್ಮ ಹರಳು, ಅದೇ ಹೆಸರಲ್ಲಿ ಕೂತಿದೆ. ಹರಳೆಣ್ಣೆ 100 ಡಿಗ್ರಿ ಸೆಲ್ಸಿಯಸ್‌ನಲ್ಲೂ 19-20 ಸೆಂಟಿಸ್ಟೋಕ್ಸ್‌ನಷ್ಟು ಮಂದ (ಈ ಸೆಂಟಿಸ್ಟೋಕ್ಸ್ ಎಣ್ಣೆಯ ಮಂದ ಅಳೆಯೋ ಲೆಕ್ಕ). ಇವತ್ತಿನ 40 ನಂಬರಿನ ಎಂಜಿನ್ ಆಯಿಲ್ ಅದೇ ಕಾವಲ್ಲಿ 12.5ರಿಂದ 16.3 ಅಷ್ಟೇ. ಮೊದಲನೇ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೆ ಇದೇ ಬೇಕಿತ್ತು. ಅವುಗಳಲ್ಲಿ ಪೆಟ್ರೋಲು ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗ್ತಿತ್ತು. ಖನಿಜ ತೈಲ ಪೆಟ್ರೋಲಲ್ಲಿ ಕರಗಿ ತೊಳೆದು ಹೋಗುತ್ತೆ, ಹರಳೆಣ್ಣೆ ಸುಲಭಕ್ಕೆ ಕರಗಲ್ಲ. ಒಮ್ಮೆ ಒಳಗೆ ಹೋದ ಎಣ್ಣೆ ಸುಟ್ಟು ಹೊರಗೆ, ಪೈಲಟ್ ಮುಖಕ್ಕೇ. ಪಾಪ, ಅವರ ಹೊಟ್ಟೆಯ ಪಾಡು ಏನಾಗಿತ್ತೋ, ಹರಳೆಣ್ಣೆ ಕುಡಿಸಿಕೊಂಡು ಬೆಳೆದ ನಮಗೆ ಹೇಳ್ಬೇಕಾ?

ಅಮೆರಿಕ ಯುದ್ಧಕ್ಕಿಳಿದಾಗ ಹರಳಿಗೆ ಎಷ್ಟು ಬರ ಬಂತು ಅಂದ್ರೆ, ಒಂದು ಲಕ್ಷ ಎಕರೆ ಬಿತ್ತೋಕೆ ಸಾಕಾಗುವಷ್ಟು ಬೀಜ ಏಷ್ಯಾದಿಂದ ತರಿಸಿದ್ರು. ಜೊತೆಗೇ ಖನಿಜ ತೈಲದಲ್ಲೇ 'ಲಿಬರ್ಟಿ ಏರೋ ಆಯಿಲ್' ಅಂತ ಒಂದು ಮಾಡಿಕೊಂಡ್ರು. ಆಮೇಲೆ ಹರಳಿನ ಕಾಲ ಮುಗೀತು. ಅದು ಬಿಸಿಗೆ ಅಂಟಾಗಿ ವಾರ್ನಿಶ್ ತರ ಕೂರುತ್ತೆ, ಚಳಿಗೆ ಬೆಲ್ಲದ ಪಾಕ.

ಚಳಿಗೆ ಹರಿಯೋದು ಬಿಸಿಗೆ ನಿಲ್ಲಲ್ಲ, ಬಿಸಿಗೆ ನಿಲ್ಲೋದು ಚಳಿಗೆ ಹರಿಯಲ್ಲ. ಎಣ್ಣೆಯ ನೂರು ವರ್ಷದ ಜಗಳ ಇದೊಂದೇ. ಮಂದಕ್ಕೆ ತಕ್ಕ ಹಾಗೆ ನಂಬರ್ ಕೊಡೋ ಎಸ್‌ಎಇ ಪದ್ಧತಿ ಬಂದಿದ್ದು 1911ರಲ್ಲಿ. 1929ರಲ್ಲಿ ಡೀನ್ ಮತ್ತು ಡೇವಿಸ್ ಅನ್ನೋ ಇಬ್ಬರು, ಕಾವು ಏರಿದಾಗ ಯಾವ ಎಣ್ಣೆ ಎಷ್ಟು ತೆಳ್ಳಗಾಗುತ್ತೆ ಅಂತ ಹೋಲಿಸೋಕೆ ಅಳತೆಗೋಲು ಮಾಡಿದ್ರು: ಗಲ್ಫ್ ತೀರದ ಎಣ್ಣೆಗೆ ಸೊನ್ನೆ, ಪೆನ್ಸಿಲ್ವೇನಿಯಾದ್ದಕ್ಕೆ ನೂರು. 1950ರ ದಶಕದಲ್ಲಿ ಎರಡು ನಂಬರಿನ ಮಲ್ಟಿಗ್ರೇಡ್‌ಗಳು ಅಂಗಡಿಗೆ ಬಂದ್ವು. ಅದರಲ್ಲಿರೋ ಪಾಲಿಮರ್ ಚಳಿಯಲ್ಲಿ ಸುರುಳಿ ಸುತ್ತಿರುತ್ತೆ, ಬಿಸಿಗೆ ಬಿಚ್ಚಿಕೊಂಡು ಎಣ್ಣೆ ನೀರಾಗದ ಹಾಗೆ ತಡೆಯುತ್ತೆ. ನನ್ನ ಪ್ರಕಾರ ತಾತನ ಮಸಿಯ ಕೆಲಸವೇ ಇದು, ಸ್ವಲ್ಪ ನಾಜೂಕಾಗಿ. ಜಜ್ಜಿ ಜಜ್ಜಿ ಓಡಿಸಿದ್ರೆ ಈ ಪಾಲಿಮರೂ ಹರಿದು ಹೋಗುತ್ತೆ ಅನ್ನೋದು ಬೇರೆ ಮಾತು.

ನನ್ನ ಕಾರಲ್ಲಿದ್ದದ್ದು 0ಡಬ್ಲ್ಯೂ-20. ಮೈಲೇಜಿಗೋಸ್ಕರ ಈಚೆಗೆ ಇಂಥ ತೆಳು ಎಣ್ಣೆಯೇ ಎಲ್ಲ ಕಡೆ. ಆಫೀಸು, ಪಟೇಲ್ ಅಂಗಡಿ, ದೇವಸ್ಥಾನ ಸುತ್ತೋಕೆ ಬೇಕಾದಷ್ಟಾಯ್ತು. 100 ಡಿಗ್ರಿಯಲ್ಲಿ ಅದು ಎಂಟು-ಎಂಟೂವರೆ ಸೆಂಟಿಸ್ಟೋಕ್ಸ್ ಇದ್ರೆ, 138ರಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ಕ್ರ್ಯಾಂಕು ಬೇರಿಂಗಿಗೆ ತಾಗದೆ ತಿರುಗೋದು ಆ ತೆಳು ಪೊರೆಯ ಮೇಲೆ. ಪೊರೆ ಹರಿದ್ರೆ ಲೋಹಕ್ಕೆ ಲೋಹ ಉಜ್ಜುತ್ತೆ. ಸಿಂಥೆಟಿಕ್ ಅಲ್ವಾ, ಏನಾಗುತ್ತೆ ಅಂದ್ಕೊಂಡಿದ್ದು ನನ್ನದೇ ದಡ್ಡತನ.

ಈಗ ಟ್ರ್ಯಾಕ್‌ಗೆ ಹೋಗೋ ಮುಂಚೆ 5ಡಬ್ಲ್ಯೂ-40 ಹಾಕ್ತೀನಿ. ಥರ್ಮೋಸ್ಟಾಟ್ ಇರೋ ಆಯಿಲ್ ಕೂಲರ್ ಹಾಕಿಸಿದ್ದೀನಿ. ಥರ್ಮೋಸ್ಟಾಟ್ ಇಲ್ಲದಿದ್ರೆ ಜನವರಿಯಲ್ಲಿ ಎಣ್ಣೆ ಕಾಯೋದೇ ಇಲ್ಲ. 80 ಡಿಗ್ರಿ ಆಗೋ ತನಕ ಜೋರಾಗಿ ಓಡಿಸಲ್ಲ, 130 ದಾಟಿದ್ರೆ ಕಾಲು ತೆಗೀತೀನಿ. ನೀರಿನ ಮುಳ್ಳನ್ನ ನಂಬೋದು ಬಿಟ್ಟಿದ್ದೀನಿ.

ಆವತ್ತಿನ ಎಣ್ಣೆ ಇಳಿಸಿ, ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನ ಒಂದೊಂದಾಗಿ ಬಿಡಿಸಿ ಗ್ಯಾರೇಜಿನ ಬೆಳಕಲ್ಲಿ ನೋಡಿದೆ. ಬೇರಿಂಗ್ ಸವೆದಿದ್ರೆ ತಾಮ್ರದ ಮಿನುಗು ಕಾಣ್ಬೇಕು. ಅರ್ಧ ಗಂಟೆ ಹುಡುಕಿದೆ. ಕಪ್ಪು ಮಸಿ ಬಿಟ್ರೆ ಏನೂ ಸಿಗಲಿಲ್ಲ.