ಆಟದಲ್ಲಿ ಸಿಗದ ಕುದುರೆ

ಮೂವತ್ತು ದಾಟಿದ ನಮ್ಮಲ್ಲಿ ಎಷ್ಟೋ ಜನ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ‘ಏಜ್ ಆಫ್ ಎಂಪೈರ್ಸ್’ ಆಡಿದವರು. ಹಳ್ಳಿಗರಿಂದ ಮರ ಕಡಿಸೋದು, ಹೊಲ ಮಾಡಿಸೋದು, ಚಿನ್ನ ತೆಗೆಸೋದು, ಆಮೇಲೆ ಸೈನ್ಯ ಕಟ್ಟಿ ಎದುರಾಳಿಯ ಕೋಟೆ ಒಡೆಯೋದು. ಇದರ ಎರಡನೇ ಭಾಗ 1999ರಲ್ಲಿ ಬಂತು. ಮಾಡಿದ್ದು ಅಮೆರಿಕದ ಎನ್‌ಸೆಂಬಲ್ ಸ್ಟುಡಿಯೋಸ್, ಹೊರತಂದದ್ದು ಮೈಕ್ರೋಸಾಫ್ಟ್. ಮರುವರ್ಷದ ‘ಕಾಂಕರರ್ಸ್’ ಸೇರಿ ಒಟ್ಟು 18 ಜನಾಂಗಗಳಾದವು.

ಆಟದಲ್ಲಿ ಕೊರತೆ ಬೇಕಾದಷ್ಟಿತ್ತು. ಹೊಲ ಬರಿದಾದರೆ ಹಳ್ಳಿಗ ಸುಮ್ಮನೆ ನಿಂತುಬಿಡುತ್ತಿದ್ದ. ಕಲ್ಲೆಸೆಯುವ ಯಂತ್ರ ವೈರಿಯ ಜೊತೆ ನಮ್ಮವರನ್ನೂ ಕೊಲ್ಲುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದ್ರೆ ಆ 18ರಲ್ಲಿ ಭಾರತವೇ ಇರಲಿಲ್ಲ. ಯುದ್ಧದ ಆನೆ ಬೇಕಿದ್ದರೆ ಪರ್ಷಿಯನ್ನರಾಗಿ ಆಡಬೇಕಿತ್ತು. ಹಂಪಿಯ ಗಜಶಾಲೆ ನೋಡಿ ಬೆಳೆದ ಹುಡುಗರು ಪರ್ಷಿಯಾದ ಹೆಸರಲ್ಲಿ ಆನೆ ಓಡಿಸುತ್ತಿದ್ದೆವು!

ಇಷ್ಟು ವರ್ಷದ ಮೇಲೆ ಇಲ್ಲಿ ದೋಹಾದ ರೂಮಿನಲ್ಲಿ, ಶುಕ್ರವಾರದ ರಜೆಗೆ, ಅದೇ ಆಟದ ಹೊಸ ಆವೃತ್ತಿ ಆಡಿದೆ. 2022ರಲ್ಲಿ ಇದಕ್ಕೆ ‘ಡೈನಸ್ಟೀಸ್ ಆಫ್ ಇಂಡಿಯಾ’ ಸೇರಿದೆ. ಅದರಲ್ಲಿ ನಾವು ‘ದ್ರಾವಿಡರು’. ಮಾತು ತಮಿಳು, ಕಥೆ ರಾಜೇಂದ್ರ ಚೋಳನದು. ಚೋಳರು ದೊಡ್ಡವರೇ, ತಕರಾರಿಲ್ಲ. ಆದರೆ ಕನ್ನಡಕ್ಕೆ ಅಂತ ಬೇರೆ ಹೆಸರಿಲ್ಲ. ಸಿಕ್ಕ ಒಂದು ಗುರುತು ‘ವೂಟ್ಜ್ ಸ್ಟೀಲ್’ ಎಂಬ ವಿದ್ಯೆ. ಅದನ್ನು ಕಲಿತ ಸೈನಿಕರ ಕತ್ತಿಗೆ ಕವಚ ಲೆಕ್ಕಕ್ಕಿಲ್ಲ. ಈ ವೂಟ್ಜ್ ಅನ್ನೋ ಪದ ನಮ್ಮ ‘ಉಕ್ಕು’ವಿನಿಂದ ಹೋದದ್ದೆಂದು ಬಹಳ ವಿದ್ವಾಂಸರು ಹೇಳುತ್ತಾರೆ.

ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಕುದುರೆ. ಆಟದಲ್ಲಿ ಯುರೋಪಿನವರು 60 ಆಹಾರ, 75 ಚಿನ್ನ ಕೊಟ್ಟರೆ ಅರ್ಧ ನಿಮಿಷದಲ್ಲಿ ಲಾಯದಿಂದ ಭಾರೀ ಕುದುರೆ ಸವಾರ ಹೊರಗೆ ಬರುತ್ತಾನೆ. ದ್ರಾವಿಡರಿಗೆ ಆ ಸವಾರನೇ ಇಲ್ಲ. ಇದು ಅರ್ಧ ನಿಜ. ದಕ್ಷಿಣದ ಹವೆಯಲ್ಲಿ ಯುದ್ಧದ ಒಳ್ಳೆ ತಳಿ ಬೆಳೆಯುವುದು ಕಷ್ಟವೇ ಆಗಿತ್ತು. ಉಳಿದರ್ಧ ನಿಜವನ್ನು ಆಟ ಹೇಳೋದಿಲ್ಲ: ನಮ್ಮ ರಾಜರು ಕುದುರೆ ಕೊಂಡು ತರುತ್ತಿದ್ದರು, ಅದೂ ನಾವೀಗ ದುಡಿಯುತ್ತಿರುವ ಈ ಕೊಲ್ಲಿಯ ಕಡೆಯಿಂದ. ಹಾರ್ಮುಜ್‌ನಿಂದ ಹಡಗು ಹತ್ತಿದ ಕುದುರೆಗಳು ಭಟ್ಕಳ, ಹೊನ್ನಾವರ, ಗೋವಾದಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ದೋಹಾದಿಂದ ಭಾರತಕ್ಕೆ ಹೊರಟ ಹಡಗು ಇವತ್ತಿಗೂ ಅದೇ ಹಾರ್ಮುಜ್ ಜಲಸಂಧಿ ದಾಟಲೇಬೇಕು.

16ನೇ ಶತಮಾನದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅನ್ನುತ್ತಾನೆ. ಸಾಳುವ ನರಸಿಂಹನ ಕಾಲದಲ್ಲಿ ದಾರಿಯಲ್ಲಿ ಸಮುದ್ರದಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದರಂತೆ. ವ್ಯಾಪಾರಿ ನಷ್ಟಕ್ಕೆ ಹೆದರಿ ಬರೋದು ಬಿಟ್ಟರೆ ಸೈನ್ಯವೇ ಕುಂಟುತ್ತದಲ್ಲ, ಅದಕ್ಕೆ.

ಅಪಾಯ ಇದ್ದದ್ದೂ ಅಲ್ಲೇ. 1510ರಲ್ಲಿ ಗೋವಾ, 1515ರಲ್ಲಿ ಹಾರ್ಮುಜ್ ಪೋರ್ಚುಗೀಸರ ವಶವಾದವು. ಮನೆ ನಮ್ಮದು, ಮೇನ್ ಸ್ವಿಚ್ ಬೇರೆಯವರ ಕೈಲಿ ಅನ್ನೋ ಹಾಗಾಯ್ತು. ಗೋವಾಕ್ಕೆ ಬಂದ ಕುದುರೆ ವಿಜಯನಗರಕ್ಕೇ ಸಿಗಬೇಕು, ಬಿಜಾಪುರಕ್ಕೆ ಹೋಗಕೂಡದು ಅಂತ 1547ರಲ್ಲಿ ಒಪ್ಪಂದವೇ ಆಯಿತು. ಅದಾಗಿ 18 ವರ್ಷಕ್ಕೆ, 1565ರಲ್ಲಿ, ರಕ್ಕಸ-ತಂಗಡಿ ಯುದ್ಧ.

ಆಟದ ಮಾರುಕಟ್ಟೆಯಲ್ಲಿ ಚಿನ್ನ ಕೊಟ್ಟು ಮರ, ಆಹಾರ, ಕಲ್ಲು ಕೊಳ್ಳಬಹುದು. ಕುದುರೆ ಕೊಳ್ಳೋಕೆ ಆಗಲ್ಲ. ಆದರೆ ಒಂದು ಮಾತು ಅವರು ಸರಿಯಾಗಿ ಹಿಡಿದಿದ್ದಾರೆ: ವ್ಯಾಪಾರದ ಬಂಡಿ ಎಷ್ಟು ದೂರದ ಮಾರುಕಟ್ಟೆಗೆ ಹೋಗಿಬರುತ್ತೋ ಅಷ್ಟು ಹೆಚ್ಚು ಚಿನ್ನ ತರುತ್ತೆ. ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆಟ ಆಡಿ, ಮಕ್ಕಳಿಗೂ ಆಡಿಸಿ, ತಪ್ಪೇನಿಲ್ಲ. ಆದರೆ ಅದೇ ಇತಿಹಾಸ ಅಂತ ಅವರು ತಿಳಿಯೋದು ಬೇಡ. ರಜೆಗೆ ಊರಿಗೆ ಹೋದಾಗ ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳ ಮುಂದೆ ಅವರನ್ನು ನಿಲ್ಲಿಸಿ. ಕುದುರೆ ಹಿಡಿದುಕೊಂಡು ಬಂದ ಪರದೇಶದವರನ್ನು ಅಲ್ಲಿ ಕೆತ್ತಿದ್ದಾರೆ. ಈ ಕಡೆಯಿಂದ ನಮ್ಮೂರಿಗೆ ದುಡಿಯಲು ಬಂದವರು ಇವರು ಅಂತ ತೋರಿಸಿ.